ಪಿಂಗ್ ಹೋಗುತ್ತೆ, ಫೋಲ್ಡರ್ ಮಾತ್ರ ತೆರೆಯಲ್ಲ

ತೀರ್ಥಹಳ್ಳಿಯ ನಮ್ಮ ಪ್ರೆಸ್ಸಿನ ಮೂಲೆಯಲ್ಲಿ ಒಂದು ಹಳೇ ಡೆಸ್ಕ್‌ಟಾಪ್ ಕೂತಿದೆ. ಮಾನಿಟರ್ ಇಲ್ಲ, ಕೀಬೋರ್ಡ್ ಇಲ್ಲ. ಒಳಗೆ ಎರಡು ಟಿಬಿ ಡಿಸ್ಕು, ವಿಂಡೋಸಿನ ಬದಲು ಲಿನಕ್ಸ್ ಮಿಂಟ್, ಜೊತೆಗೆ ಅದರ ಫೋಲ್ಡರುಗಳನ್ನು ಬೇರೆ ಕಂಪ್ಯೂಟರುಗಳಿಗೆ ಹಂಚುವ ಸಾಂಬಾ ಎಂಬ ತಂತ್ರಾಂಶ. ಅದಕ್ಕೆ ನಾನಿಟ್ಟ ಹೆಸರು ‘ಬೀರು’. ಲಗ್ನಪತ್ರಿಕೆ, ಗೃಹಪ್ರವೇಶ, ವೈಕುಂಠ ಸಮಾರಾಧನೆ, ಎಳ್ಳಮಾವಾಸ್ಯೆ ಜಾತ್ರೆಯ ಕರಪತ್ರ, ವರ್ಷಗಟ್ಟಲೆ ಕೂಡಿದ್ದೆಲ್ಲ ಅದರೊಳಗಿದೆ. ಕೌಂಟರಿನ ಎರಡು ಕಂಪ್ಯೂಟರುಗಳೂ ಲಿನಕ್ಸೇ. ವಿಂಡೋಸ್ 7ಕ್ಕೆ 2020ರ ಜನವರಿಯಲ್ಲಿ ಬೆಂಬಲ ನಿಂತ ಮೇಲೆ ಅವನ್ನು ಬದಲಾಯಿಸಿದೆ. ಕಂಪೋಸಿಂಗ್ ಮಾಡುವ ಒಂದು ಮಾತ್ರ ವಿಂಡೋಸಿನಲ್ಲೇ ಉಳಿದಿದೆ. ಪುಟ ಜೋಡಿಸುವ ಪೇಜ್‌ಮೇಕರ್, ಕನ್ನಡ ಟೈಪಿಸುವ ‘ನುಡಿ’ ತಂತ್ರಾಂಶ ಬಿಡಲು ನಮ್ಮಿಂದ ಆಗಿಲ್ಲ. ಎಲ್ಲರೂ ಬೀರುವಿನ ಒಂದೇ ಫೋಲ್ಡರಿಗೆ ಕೈ ಹಾಕುತ್ತೇವೆ. ಅದು ತೆರೆಯದಿದ್ದರೆ ಅಂಗಡಿ ಬಾಗಿಲು ಹಾಕಿದ ಹಾಗೆಯೇ.

ಪುನರ್ವಸು ಮಳೆ ಹಿಡಿದಿದ್ದ ಒಂದು ವಾರ. ರಾತ್ರಿ ಹೋದ ಕರೆಂಟು ಬೆಳಗ್ಗೆ ಬಂದಿತ್ತು. ಯುಪಿಎಸ್ ಖಾಲಿಯಾಗಿ ಬೀರು ಆಫ್ ಆಗಿತ್ತು, ನಾನು ಹತ್ತು ಗಂಟೆಗೆ ಬಂದು ಆನ್ ಮಾಡಿದೆ. ಹತ್ತೂವರೆಗೆ ಪ್ರೂಫ್ ನೋಡಲು ಆಗುಂಬೆ ಕಡೆಯವರೊಬ್ಬರು ಒದ್ದೆ ಕೊಡೆ ಬಾಗಿಲಿಗೆ ಒರಗಿಸಿ ಬೆಂಚಿನ ಮೇಲೆ ಕೂತರು. ಕೌಂಟರಿನ ಹುಡುಗ ಕೂಗಿದ, “ಅಣ್ಣಾ, ಬೀರು ತೆಗೀತಿಲ್ಲ.”

ಪಿಂಗ್ ಮಾಡಿದೆ, ಅಂದರೆ ಬೀರುವಿನ ಐಪಿ ನಂಬರಿಗೆ ‘ಇದ್ದೀಯಾ’ ಎಂದು ಕೇಳಿದೆ. 192.168.1.5ರಿಂದ ಉತ್ತರ ಚೆನ್ನಾಗಿಯೇ ಬರುತ್ತಿತ್ತು. ಬೀರುವಿನ ಫೋಲ್ಡರನ್ನು ಈ ಮೆಷಿನ್ನಿಗೆ ಜೋಡಿಸಿಕೊಳ್ಳಲು ಮೌಂಟ್ ಮಾಡಿದರೆ ದೋಷ ಸಂಖ್ಯೆ 111, ಸಂಪರ್ಕ ನಿರಾಕರಿಸಲಾಗಿದೆ. ಪಿಂಗ್ ಹೋಗುತ್ತಿದೆ ಎಂದ ಮೇಲೆ ಮೆಷಿನ್ ಸರಿ ಇದೆ, ಸಾಂಬಾ ಕೆಟ್ಟಿದೆ ಅಂತ ನಾನು ತೀರ್ಮಾನಿಸಿಬಿಟ್ಟೆ. ಮಾನಿಟರ್ ಹೊತ್ತು ತಂದು ಬೀರುವಿಗೆ ಸಿಕ್ಕಿಸಿ, ಸಾಂಬಾ ಎರಡು ಸಲ ರೀಸ್ಟಾರ್ಟ್ ಮಾಡಿ, ಅದರ ಸೆಟ್ಟಿಂಗಿನ ಕಡತವನ್ನು ‘ಟೆಸ್ಟ್‌ಪಾರ್ಮ್’ ಆದೇಶದಿಂದ ಪರೀಕ್ಷಿಸಿದೆ. ಎಲ್ಲ ಸರಿ ಇತ್ತು. ಬೆಂಚಿನವರು ಎರಡನೇ ಟೀ ಕುಡಿದು ಮುಗಿಸಿದ್ದರು.

ಆಮೇಲೆ ಹೊಳೆಯಿತು, ಉತ್ತರ ಕೊಡುತ್ತಿರುವುದು ಬೀರುವೇ ಅಂತ ಯಾರು ಹೇಳಿದರು? ಕೌಂಟರಿನ ಮೆಷಿನ್ನಿನಲ್ಲಿ ‘ಐಪಿ ನೇ’ ಎಂಬ ಆದೇಶ ಕೊಟ್ಟೆ. ಯಾವ ಐಪಿ ನಂಬರಿನ ಹಿಂದೆ ಯಾವ ನೆಟ್‌ವರ್ಕ್ ಕಾರ್ಡ್ ಇದೆ ಎಂದು ಅದು ತೋರಿಸುತ್ತದೆ. ಬೀರುವಿನ ಕಾರ್ಡಿನ ಮ್ಯಾಕ್ ವಿಳಾಸವನ್ನು, ಅಂದರೆ ಆ ಕಾರ್ಡಿನ ಗುರುತಿನ ನಂಬರನ್ನು, ಹಿಂದೊಮ್ಮೆ ಡಬ್ಬಿಯ ಮೇಲೆ ಮಾರ್ಕರಿನಲ್ಲಿ ಬರೆದಿಟ್ಟಿದ್ದೆ. ಅದು ಬೇರೆ, ಇಲ್ಲಿ ಕಾಣುವುದು ಬೇರೆ. ಅದೂ ಅಲ್ಲದೆ ಈ ವಿಳಾಸದ ಎರಡನೇ ಅಕ್ಷರ ‘ಎ’ ಆಗಿತ್ತು. ಆ ಜಾಗದಲ್ಲಿ 2, 6, ಎ ಅಥವಾ ಇ ಬಂದರೆ ಅದು ಕಾರ್ಖಾನೆಯಲ್ಲಿ ಕೊಟ್ಟ ವಿಳಾಸವಲ್ಲ, ಆಮೇಲೆ ಹಾಕಿಕೊಂಡದ್ದು. ಆಂಡ್ರಾಯ್ಡ್ 10ರಿಂದ ಈಚಿನ ಫೋನುಗಳು ವೈಫೈಗೆ ಸೇರುವಾಗ ಹೀಗೆ ವೇಷ ಹಾಕಿಕೊಂಡೇ ಬರುತ್ತವೆ. ಅಂದರೆ ಯಾರದೋ ಮೊಬೈಲು.

ಯಜಮಾನರ ಹತ್ತಿರ ಹೋಗಿ, “ಸ್ವಲ್ಪ ವೈಫೈ ಆಫ್ ಮಾಡಿ ನೋಡುವ” ಎಂದೆ. ಮಾಡಿದರು, ಪಿಂಗ್ ನಿಂತಿತು.

“ಎಂತದು ಮಾರಾಯ, ನನ್ನ ಫೋನಿಂದ ಪ್ರೆಸ್ಸು ನಿಂತಿತ್ತಾ?”

ನಡೆದದ್ದು ಇಷ್ಟು. ಕರೆಂಟ್ ಹೋದಾಗ ರೂಟರ್ ತಾನು ಯಾರಿಗೆ ಯಾವ ನಂಬರ್ ಕೊಟ್ಟಿದ್ದೆ ಎಂಬ ಪಟ್ಟಿ ಮರೆತಿದೆ. ಯಜಮಾನರು ಎಂಟೂವರೆಗೇ ಬಂದು ಬಾಗಿಲು ತೆಗೆದಿದ್ದರು, ಅವರ ಫೋನಿಗೆ 5 ಸಿಕ್ಕಿತು. ತಡವಾಗಿ ಎದ್ದ ಬೀರುವಿಗೆ 9. ನಾನು ಕೌಂಟರಿನ ಮೆಷಿನ್ನಿನ ಎಫ್‌ಎಸ್‌ಟ್ಯಾಬಿನಲ್ಲಿ, ಅಂದರೆ ಏನೇನು ಮೌಂಟ್ ಮಾಡಬೇಕೆಂಬ ಪಟ್ಟಿಯ ಕಡತದಲ್ಲಿ, 5 ಎಂದು ಬರೆದಿಟ್ಟಿದ್ದೆ. ಮೊಬೈಲು ಪಿಂಗಿಗೆ ಸಭ್ಯವಾಗಿ ಉತ್ತರ ಕೊಟ್ಟಿತು, ಫೋಲ್ಡರ್ ಕೇಳಿದರೆ ಅದರಲ್ಲಿ ಎಲ್ಲಿಂದ ಬರಬೇಕು?

ರೂಟರಿನ ಸೆಟ್ಟಿಂಗಿಗೆ ಹೋಗಿ ಬೀರುವಿನ ಮ್ಯಾಕ್ ವಿಳಾಸಕ್ಕೆ ಒಂದು ನಂಬರನ್ನು ಕಾಯಂ ಮಾಡಿದೆ. ಹತ್ತು ನಿಮಿಷದ ಕೆಲಸ, ಬೀರು ಇಟ್ಟ ದಿನವೇ ಮಾಡಬೇಕಿತ್ತು.

ಅಂದಿನಿಂದ ನಾನು ಪಿಂಗನ್ನು ನಂಬುವುದು ಬಿಟ್ಟಿದ್ದೇನೆ. ಕೆಳಗಿನಿಂದ ಒಂದೊಂದೇ ಮೆಟ್ಟಿಲು ಹತ್ತುತ್ತೇನೆ. ಮೊದಲು ಸ್ವಿಚ್ಚಿನ ದೀಪ. ಇದು ಹೇಳುವಷ್ಟು ದೊಡ್ಡ ವಿಷಯವಲ್ಲ ಅನ್ನಿಸಬಹುದು, ಆದರೆ ನಮ್ಮಲ್ಲಿ ಮಳೆಗಾಲದ ನಾಲ್ಕು ತಿಂಗಳು ಗೋಡೆಯೇ ಬೆವರುತ್ತದೆ. ಲ್ಯಾನ್ ಕೇಬಲಿನ ತುದಿಯಲ್ಲಿ ಹಸಿರು ಕಿಲುಬು ಕಟ್ಟಿದ್ದನ್ನು ನಾನೇ ಕತ್ತರಿಸಿ ಹೊಸ ಜಾಕ್ ಹಾಕಿದ್ದೇನೆ. ಇನ್ನೊಂದು ಸಲ ಇಲಿ ಕಡಿದಿದ್ದ ತಂತಿಗಾಗಿ ಎರಡು ಗಂಟೆ ಪಾಸ್‌ವರ್ಡ್ ಬದಲಾಯಿಸುತ್ತ ಕೂತಿದ್ದೆ. ದೀಪ ಸರಿ ಇದ್ದರೆ ಮುಂದಿನದು 445ನೇ ಪೋರ್ಟ್. ಸಾಂಬಾ, ವಿಂಡೋಸಿನ ಫೋಲ್ಡರ್ ಹಂಚಿಕೆ ಇವತ್ತು ಸಾಮಾನ್ಯವಾಗಿ ಆ ಒಂದು ಬಾಗಿಲಿನಲ್ಲೇ ನಡೆಯುವುದು. ಅದು ತೆರೆದಿದೆಯೇ ಎಂದು ‘ಎನ್‌ಸಿ’ ಆದೇಶದಿಂದ ತಟ್ಟಿ ನೋಡುತ್ತೇನೆ. ಕೂಡಲೇ ನಿರಾಕರಣೆ ಬಂದರೆ ಅಲ್ಲಿ ಸಾಂಬಾ ಓಡುತ್ತಿಲ್ಲ, ಅಥವಾ ಅದು ಬೇರೆಯೇ ಮೆಷಿನ್. ಏನೂ ಉತ್ತರವಿಲ್ಲದೆ ಸುಮ್ಮನೆ ಕಾಯಿಸಿದರೆ ಸಾಮಾನ್ಯವಾಗಿ ಫೈರ್‌ವಾಲ್. ಬಾಗಿಲು ತೆರೆದಿದ್ದರೆ ‘ಎಸ್‌ಎಂಬಿಕ್ಲೈಂಟ್’ಗೆ ದೊಡ್ಡಕ್ಷರದ ಎಲ್ ಸೇರಿಸಿ ಕೇಳಿದರೆ ಆ ಮೆಷಿನ್ ಯಾವ ಯಾವ ಫೋಲ್ಡರ್ ಹಂಚಿದೆ ಎಂಬ ಪಟ್ಟಿ ಬರುತ್ತದೆ. ಹೆಸರಿನಲ್ಲಿ ಒಂದಕ್ಷರ ತಪ್ಪಿದ್ದರೆ ಅಲ್ಲೇ ಕಣ್ಣಿಗೆ ಬೀಳುತ್ತದೆ. ಮೌಂಟ್ ಮಾಡುವುದು ಇದೆಲ್ಲ ಆದ ಮೇಲೆ.

(ಸಾಂಬಾ ಎಂಬ ಹೆಸರಿಗೂ ಕುಣಿತಕ್ಕೂ ಸಂಬಂಧವಿಲ್ಲ. ಇದನ್ನು ಬರೆಯಲು ಶುರುಮಾಡಿದ ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಜೆಲ್, ಕಂಪ್ಯೂಟರುಗಳು ಫೋಲ್ಡರ್ ಹಂಚಿಕೊಳ್ಳಲು ಮಾತಾಡುವ ‘ಎಸ್‌ಎಂಬಿ’ ಎಂಬ ಭಾಷೆಯ ಎಸ್, ಎಂ, ಬಿ ಮೂರೂ ಅಕ್ಷರ ಅನುಕ್ರಮವಾಗಿ ಬರುವ ಪದವನ್ನು ಕಂಪ್ಯೂಟರಿನ ಪದಪಟ್ಟಿಯಲ್ಲಿ ಹುಡುಕಿ ಆರಿಸಿಕೊಂಡದ್ದು.)

ಇಷ್ಟು ಕಲಿತ ಮೇಲೂ ಒಂದು ಸಲ ಚೆನ್ನಾಗಿ ಬೇಸ್ತು ಬಿದ್ದೆ. ಹಿಂದಿನ ಕೋಣೆಯಲ್ಲಿ ರೇಡಿಯಂ ಸ್ಟಿಕ್ಕರ್ ಕತ್ತರಿಸುವ ಮೆಷಿನ್ ಇದೆ. ಅದರ ಸಾಫ್ಟ್‌ವೇರ್ ವಿಂಡೋಸ್ ಎಕ್ಸ್‌ಪಿ ಬಿಟ್ಟು ಬೇರೆಲ್ಲೂ ಓಡುವುದಿಲ್ಲ. ಎಕ್ಸ್‌ಪಿಗೆ ಬೆಂಬಲ ನಿಂತದ್ದು 2014ರ ಏಪ್ರಿಲ್ಲಿನಲ್ಲಿ, ಆದರೆ ಬೈಕಿನ ನಂಬರ್ ಪ್ಲೇಟು, ಜೀಪಿನ ಹಿಂದಿನ ದೇವರ ಹೆಸರು ಎಲ್ಲ ಈಗಲೂ ಅದರಲ್ಲೇ ಕತ್ತರಿಸಬೇಕು. ಅದರ ಫೋಲ್ಡರನ್ನು ಕೌಂಟರಿನ ಹಳೇ ಮಿಂಟ್ ತೆರೆಯುತ್ತಿತ್ತು. ಡಿಸ್ಕ್ ಹಾಳಾಗಿ ಹೊಸ ಮಿಂಟ್ ಹಾಕಿದೆ. ಅಲ್ಲಿಂದ ಅದೊಂದು ಫೋಲ್ಡರ್ ಬಂದ್.

ದೋಷ ಸಂಖ್ಯೆ 112, ‘ಹೋಸ್ಟ್ ಈಸ್ ಡೌನ್’. ಆ ಕಡೆಯ ಮೆಷಿನ್ ಮಲಗಿದೆ ಎಂದು ಅದರ ಅರ್ಥ. ನಾನು ಹಿಂದಿನ ಕೋಣೆಗೆ ಹೋಗಿ ನೋಡಿದರೆ ಎಕ್ಸ್‌ಪಿಯ ಹಸಿರು ಗುಡ್ಡ ನೀಲಿ ಆಕಾಶ ಆರಾಮವಾಗಿ ಕಾಣುತ್ತಿದೆ, ಮೆಷಿನ್ ಕರ್ರಕರ್ರ ಅಂತ ಯಾರದೋ ಆಟೋಗೆ ‘ಶ್ರೀ ಗುರುರಾಯರ ಕೃಪೆ’ ಕತ್ತರಿಸುತ್ತಿದೆ. ಕೇಬಲ್ ಸರಿ, ನಂಬರ್ ಸರಿ, ಈ ಸಲ ಮ್ಯಾಕ್ ವಿಳಾಸವನ್ನೂ ನೋಡಿದೆ. ಪೋರ್ಟೂ ತೆರೆದಿದೆ.

ಮೌಂಟ್ ಆದೇಶ ತೋರಿಸುವ ಒಂದು ಸಾಲನ್ನಷ್ಟೇ ಓದಿ ನಾನು ಕೆಡುತ್ತಿದ್ದೆ. ನಿಜವಾದ ಕಾರಣವನ್ನು ಲಿನಕ್ಸಿನ ತಿರುಳಾದ ಕರ್ನಲ್ ತನ್ನ ದಿನಚರಿಯಲ್ಲಿ ಬರೆದಿರುತ್ತದೆ. ‘ಡಿಮೆಸೇಜ್’ ಕೊಟ್ಟು ಕೊನೆಯ ಕೆಲವು ಸಾಲು ಓದಿದೆ. ಎಸ್‌ಎಂಬಿಯ ಮೊದಲ ಆವೃತ್ತಿಯನ್ನು ನಾನೀಗ ತಾನಾಗಿ ಮಾತಾಡುವುದಿಲ್ಲ, ಹಳೇ ಸರ್ವರ್ ಆದರೆ ವರ್ಸ್=1.0 ಎಂದು ನೀವೇ ಹೇಳಿ ಎಂದು ಸ್ಪಷ್ಟವಾಗಿ ಬರೆದಿತ್ತು. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ವೈರಸ್ ಹಬ್ಬಿದ್ದು ವಿಂಡೋಸಿನಲ್ಲಿದ್ದ ಎಸ್‌ಎಂಬಿಯ ಈ ಮೊದಲ ಆವೃತ್ತಿಯ ತೂತಿನಿಂದ. ಅದೇ ವರ್ಷ ಬಂದ ಲಿನಕ್ಸ್ ಕರ್ನಲ್ 4.13ರಿಂದ ಅದು ಪೂರ್ವನಿಯೋಜಿತ ಆಯ್ಕೆಯಾಗಿ ಉಳಿಯಲಿಲ್ಲ. 2019ರ ಸಾಂಬಾ 4.11 ಕೂಡ ಅದನ್ನು ಆಫ್ ಮಾಡಿಟ್ಟಿತು. ಎಕ್ಸ್‌ಪಿಗೆ ಆ ಒಂದು ಭಾಷೆ ಬಿಟ್ಟರೆ ಬೇರೆ ಬರುವುದಿಲ್ಲ. ಇಬ್ಬರೂ ಎದುರುಬದುರು ನಿಂತಿದ್ದಾರೆ, ಮಾತು ಮಾತ್ರ ತಿಳಿಯುತ್ತಿಲ್ಲ. ಅದನ್ನು ಲಿನಕ್ಸು ‘ಆ ಮನುಷ್ಯ ಮಲಗಿದ್ದಾನೆ’ ಎಂದು ವರದಿ ಮಾಡಿತು.

ವರ್ಸ್=1.0 ಸೇರಿಸಿದೆ, ಮೌಂಟ್ ಆಯಿತು. ಆದರೆ ಫೈಲ್ ಮ್ಯಾನೇಜರಿನ ನೆಟ್‌ವರ್ಕ್ ಕಿಟಕಿಯಿಂದ ಹೋದರೆ ಈಗಲೂ ಇಲ್ಲ! ಇದಕ್ಕೆ ಅರ್ಧ ದಿನ ಹೋಯಿತು. ತಿಳಿದ ಮೇಲೆ ಸರಳ: ಲಿನಕ್ಸಿನಲ್ಲಿ ಹಂಚಿಕೆಯ ಫೋಲ್ಡರಿಗೆ ಹೋಗಲು ಎರಡು ಬೇರೆ ಬೇರೆ ದಾರಿಗಳಿವೆ. ಮೌಂಟ್ ಆದೇಶ ಹೋಗುವುದು ಕರ್ನಲ್ಲಿನ ಸಿಐಎಫ್‌ಎಸ್ ದಾರಿಯಲ್ಲಿ, ಅದಕ್ಕೆ ವರ್ಸ್ ಆಯ್ಕೆ. ಫೈಲ್ ಮ್ಯಾನೇಜರ್ ಹೋಗುವುದು ಸಾಂಬಾದ ಲೈಬ್ರರಿ ಮೂಲಕ, ಅದು ನೋಡುವುದು ಎಸ್‌ಎಂಬಿ.ಕಾನ್ಫ್ ಕಡತದಲ್ಲಿ ‘ಕ್ಲೈಂಟ್ ಮಿನ್ ಪ್ರೊಟೊಕಾಲ್’ ಏನಿದೆ ಎಂದು. ಒಂದನ್ನು ತಿದ್ದಿದರೆ ಇನ್ನೊಂದಕ್ಕೆ ಗೊತ್ತೇ ಆಗುವುದಿಲ್ಲ. ಒಬ್ಬರು ಹೇಳಿದ ಪರಿಹಾರ ಇನ್ನೊಬ್ಬರಿಗೆ ನಾಟದಿರುವುದು ಹೆಚ್ಚಾಗಿ ಇದೇ ಕಾರಣಕ್ಕೆ. ಯಾರಾದರೂ ಫೋನ್ ಮಾಡಿ “ಫೋಲ್ಡರ್ ತೆಗೀತಿಲ್ಲ ಮಾರಾಯ್ರೆ” ಎಂದರೆ ನಾನು ಮೊದಲು ಕೇಳುವುದು, ಯಾವ ದಾರಿಯಲ್ಲಿ ಹೋಗ್ತಾ ಇದ್ದೀರಿ ಅಂತ.

ಮೌಂಟ್ ಆಯಿತೆಂದು ಎಕ್ಸ್‌ಪಿಯನ್ನು ಹಾಗೇ ಬಿಡಲಿಲ್ಲ. ಇಂಟರ್ನೆಟ್ ಇರುವ ಜಾಲದಲ್ಲಿ ಅದನ್ನು ಇಡುವುದು ಬಾಗಿಲಿಲ್ಲದ ಕೊಟ್ಟಿಗೆಯಲ್ಲಿ ದನ ಕಟ್ಟಿದಂತೆ. ಬೀರುವಿಗೆ ಇನ್ನೊಂದು ಲ್ಯಾನ್ ಕಾರ್ಡ್ ಹಾಕಿ, ಅಲ್ಲಿಂದ ಎಕ್ಸ್‌ಪಿಗೆ ನೇರ ಒಂದೇ ತಂತಿ ಎಳೆದೆ. ಎರಡು ತುದಿಗೂ 192.168.50ರ ಸಾಲಿನ ನಂಬರು, ರೂಟರಿಗೆ ಸಂಪರ್ಕವೇ ಇಲ್ಲ. ಎಕ್ಸ್‌ಪಿಯ ಫೋಲ್ಡರನ್ನು ಬೀರು ಮೌಂಟ್ ಮಾಡಿಕೊಳ್ಳುತ್ತದೆ, ಉಳಿದವರು ಬೀರುವಿನಿಂದ ತೆಗೆದುಕೊಳ್ಳುತ್ತಾರೆ. ಪೆನ್‌ಡ್ರೈವ್ ಸಾಕಿತ್ತು ಎಂದು ಯಜಮಾನರು ಈಗಲೂ ಹೇಳುತ್ತಾರೆ. ಅವರ ಮಾತಿನಲ್ಲೂ ಹುರುಳಿದೆ.

ಪಾಸ್‌ವರ್ಡ್, ಅನುಮತಿಗಳ ತಂಟೆ ಎಲ್ಲರಿಗೂ ಬರುವಂಥದ್ದೇ, ಹೆಚ್ಚು ಹೇಳುವುದಿಲ್ಲ. ದೋಷ 13, ಅಂದರೆ ‘ಅನುಮತಿ ಇಲ್ಲ’ ಎಂದು ಬಂದರೆ ನಾನು ನೋಡುವ ಮೊದಲ ಸಂಗತಿ, ಆ ಹೆಸರಿಗೆ ಸಾಂಬಾ ಪಾಸ್‌ವರ್ಡ್ ಇದೆಯೇ ಎಂದು. ಲಾಗಿನ್ ಪಾಸ್‌ವರ್ಡ್ ಬೇರೆ, ‘ಎಸ್‌ಎಂಬಿಪಾಸ್‌ವರ್ಡ್’ನಲ್ಲಿ ಕೊಡುವುದು ಬೇರೆ. ಪಾಸ್‌ವರ್ಡಿನಲ್ಲಿ ಅಲ್ಪವಿರಾಮ ಇದ್ದರೆ ಮೌಂಟ್ ಸಾಲು ಅಲ್ಲೇ ತುಂಡಾಗುತ್ತದೆ, ಅದಕ್ಕೇ ಬೇರೆ ಕಡತದಲ್ಲಿ ಬರೆದು ಅದರ ಅನುಮತಿಯನ್ನು 600, ಅಂದರೆ ಒಡೆಯನಿಗೆ ಮಾತ್ರ ಎಂದು ಮಾಡಿಡುವುದು. ಫೋಲ್ಡರ್ ತೆರೆಯುತ್ತದೆ, ಸೇವ್ ಆಗುವುದಿಲ್ಲ ಎಂದರೆ ಹೆಚ್ಚಾಗಿ ಮೌಂಟ್ ಸಾಲಿನಲ್ಲಿ ಬಳಸುವವರ ನಂಬರಾದ ಯುಐಡಿ ಕೊಟ್ಟಿರುವುದಿಲ್ಲ, ಎಲ್ಲವೂ ಮೇಲ್ವಿಚಾರಕನಾದ ರೂಟ್ ಹೆಸರಿನಲ್ಲಿ ಕೂತಿರುತ್ತದೆ. ಎಫ್‌ಎಸ್‌ಟ್ಯಾಬಿನಲ್ಲಿ ಫೋಲ್ಡರಿನ ಹೆಸರಿನ ನಡುವೆ ಜಾಗ ಬಿಡುವ ಹಾಗಿಲ್ಲ, ಆ ಜಾಗಕ್ಕೆ ಹಿಂದಕ್ಕೆ ವಾಲಿದ ಓರೆಗೆರೆ (ಬ್ಯಾಕ್‌ಸ್ಲ್ಯಾಶ್) ಹಾಕಿ 040 ಎಂದು ಬರೆಯಬೇಕು. ಕರೆಂಟ್ ಹೋಗಿ ಬರುವ ಊರಿನಲ್ಲಿ ‘ನೋಫೇಲ್’ ಮತ್ತು ‘ಎಕ್ಸ್-ಸಿಸ್ಟಂಡಿ.ಆಟೋಮೌಂಟ್’ ಎರಡನ್ನೂ ಸೇರಿಸಿದರೆ ಒಳ್ಳೆಯದು. ಬೀರು ಏಳುವ ಮೊದಲೇ ಕೌಂಟರ್ ಎದ್ದರೂ ತೊಂದರೆಯಿಲ್ಲ, ಯಾರಾದರೂ ಫೋಲ್ಡರ್ ಮುಟ್ಟಿದಾಗ ಜೋಡಣೆಯಾಗುತ್ತದೆ.

ಇನ್ನೊಂದನ್ನು ಮಾತ್ರ ಹೇಳಲೇಬೇಕು, ಇದು ಕನ್ನಡದಲ್ಲಿ ಫೈಲಿಗೆ ಹೆಸರಿಡುವವರಿಗೇ ಕಾದಿರುವ ಹೊಂಡ. ಕಂಪೋಸಿಂಗ್ ಹುಡುಗನ ಚಿಕ್ಕಪ್ಪನ ಮಗಳ ಮದುವೆ. ಸ್ವಂತದವರ ಪತ್ರಿಕೆ ಅಂದ ಮೇಲೆ ತಿದ್ದುಪಡಿ ಮುಗಿಯುವುದಿಲ್ಲ. ವಿಂಡೋಸಿನಲ್ಲಿ ಪಿಡಿಎಫ್ ಮಾಡಿ ಬೀರುವಿಗೆ ಎಳೆದು ಹಾಕಿದ, ಹೋಯಿತು. ಅರ್ಧ ಗಂಟೆ ಬಿಟ್ಟು ಇನ್ನೊಂದು ಹಾಕಿದ, ಹೋಗಲಿಲ್ಲ. ಅದೇ ಫೋಲ್ಡರ್, ಅದೇ ಹುಡುಗ, ಅದೇ ಪಾಸ್‌ವರ್ಡ್. ಡಿಸ್ಕಿನಲ್ಲಿ ಜಾಗ ಬೇಕಾದಷ್ಟಿದೆ. ಬೇರೆ ಫೈಲುಗಳೆಲ್ಲ ಹೋಗುತ್ತಿವೆ, ಇದೊಂದು ಇಲ್ಲ.

ಹೋದ ಫೈಲಿನ ಹೆಸರು ಹೀಗಿತ್ತು: ‘ಚಿಕ್ಕಪ್ಪನ ಮಗಳ ಮದುವೆ ಆಮಂತ್ರಣ ಪತ್ರಿಕೆ ಎರಡನೇ ತಿದ್ದುಪಡಿ ಮೇಲಿನ ಗಣಪತಿ ಚಿತ್ರ ಬದಲಾಯಿಸಿದ್ದು ಫೈನಲ್’. ಹೋಗದ ಫೈಲಿನದು ಅದೇ, ಕೊನೆಯಲ್ಲಿ ‘ಫೈನಲ್ ಫೈನಲ್’.

ಬೀರುವಿನಲ್ಲಿ ನೇರವಾಗಿ ಆ ಹೆಸರಿನ ಖಾಲಿ ಫೈಲ್ ಮಾಡಲು ಹೋದಾಗ ಅದು ಬಾಯಿಬಿಟ್ಟಿತು, ಹೆಸರು ತುಂಬಾ ಉದ್ದ ಅಂತ. ವಿಂಡೋಸು ಹೆಸರಿನ ಅಕ್ಷರ ಎಣಿಸುತ್ತದೆ, 255ರವರೆಗೆ ಬಿಡುತ್ತದೆ. ಬೀರುವಿನ ಡಿಸ್ಕಿನಲ್ಲಿರುವುದು ಲಿನಕ್ಸಿನ ಎಕ್ಸ್ಟ್4 ಎಂಬ ಕಡತ ವ್ಯವಸ್ಥೆ, ಅದೂ 255ರವರೆಗೆ ಬಿಡುತ್ತದೆ, ಆದರೆ ಎಣಿಸುವುದು ಬೈಟನ್ನು. ಲಿನಕ್ಸ್ ಬಳಸುವ ಯುಟಿಎಫ್-8 ಎಂಬ ಯೂನಿಕೋಡ್ ರೂಪದಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟು ಬೇಕು. ಒತ್ತಕ್ಷರ ಬಂದರೆ ನಡುವಿನ ಅರ್ಧಾಕ್ಷರ ಚಿಹ್ನೆಗೂ ಮೂರು. ಬರೆಯುವಾಗ ಒಂದೇ ಅಕ್ಷರವೆನ್ನಿಸುವ ‘ಶ್ರೀ’ ಅಲ್ಲಿ ಹನ್ನೆರಡು ಬೈಟು ತಿನ್ನುತ್ತದೆ. ಅಂದರೆ ನಮಗೆ ಸಿಗುವುದು ಹೆಚ್ಚೆಂದರೆ 85 ಚಿಹ್ನೆ. ಕೂತು ಎಣಿಸಿದೆ. ಒಂದು ಫೈನಲ್ ಇದ್ದ ಹೆಸರು, ನಡುವಿನ ಜಾಗ, ಕೊನೆಯ ಚುಕ್ಕಿ ಪಿಡಿಎಫ್ ಎಲ್ಲ ಸೇರಿ 246 ಬೈಟು. ಎರಡನೇ ಫೈನಲ್ಲಿಗೆ, ಅದರ ಮುಂದಿನ ಜಾಗವೂ ಸೇರಿ, ಇನ್ನೂ 16. ಒಟ್ಟು 262.

ಹುಡುಗನಿಗೆ ಹೇಳಿದೆ, “ಊರು, ಮದುವೆ ತಾರೀಕು, ಎಷ್ಟನೇ ತಿದ್ದುಪಡಿ ಅನ್ನೋ ನಂಬರು. ಇಷ್ಟು ಸಾಕು ಮಾರಾಯ.” ಮಾನಿಟರಿನ ಅಂಚಿಗೆ ಚೀಟಿಯನ್ನೂ ಅಂಟಿಸಿದೆ.

“ಆತಣ್ಣ” ಎಂದ.

ಮರುದಿನ ಬೀರು ತೆಗೆದು ನೋಡಿದೆ. ಮದುವೆ ಫೋಲ್ಡರಿನಲ್ಲಿ ಹೊಸದೊಂದು ಪಿಡಿಎಫ್ ಬಂದು ಕೂತಿತ್ತು. ಹೆಸರು ‘ಫೈ ಫೈ ಫೈ’.