ಟೈಮ್‌ಲೈನ್ ಆಫ್ ಮಾಡಿದರೆ ಮುಗಿಯಲಿಲ್ಲ, ಇನ್ನೊಂದು ಸ್ವಿಚ್ ಇದೆ

ಗೂಗಲ್‌ನಲ್ಲಿ ನೀವು ಹೋದ ಜಾಗಗಳನ್ನು ದಾಖಲಿಸುವ ಲೊಕೇಶನ್ ಹಿಸ್ಟರಿ (ಈಗಿನ ಹೆಸರು ಟೈಮ್‌ಲೈನ್) ಆಫ್ ಮಾಡಿ ನೆಮ್ಮದಿಯಾಗಿ ಕೂತವರು ಬಹಳ ಜನ. ಆದರೆ 'ವೆಬ್ ಆ್ಯಂಡ್ ಆ್ಯಪ್ ಆ್ಯಕ್ಟಿವಿಟಿ' ಆನ್ ಇದ್ದರೆ, ಏನು ಹುಡುಕಿದಿರಿ ಅನ್ನುವುದರ ಜೊತೆ ಸುಮಾರು ಎಲ್ಲಿಂದ ಹುಡುಕಿದಿರಿ ಅನ್ನುವುದೂ ಉಳಿಯುತ್ತದೆ. ಇದೇ ಗೊಂದಲದ ತಕರಾರಿಗೆ 2022ರಲ್ಲಿ ಗೂಗಲ್ ಅಮೆರಿಕದ 40 ರಾಜ್ಯಗಳಿಗೆ 39.15 ಕೋಟಿ ಡಾಲರ್ ಕೊಟ್ಟು ರಾಜಿಯಾಯಿತು.

ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್ ತೆರೆದು ಗೂಗಲ್ ಒತ್ತಿ, ನಿಮ್ಮ ಖಾತೆಯೊಳಗೆ 'ಡೇಟಾ ಆ್ಯಂಡ್ ಪ್ರೈವಸಿ'ಗೆ ಹೋಗಿ. ಅಲ್ಲೇ ಆ ಸ್ವಿಚ್ ಸಿಗುತ್ತದೆ. ಬರೀ 'ಟರ್ನ್ ಆಫ್' ಒತ್ತಿದರೆ ಹಳೆಯ ದಾಖಲೆ ಹಾಗೇ ಇರುತ್ತದೆ, ಎಡವುವುದು ಇಲ್ಲೇ. 'ಟರ್ನ್ ಆಫ್ ಆ್ಯಂಡ್ ಡಿಲೀಟ್' ಆರಿಸಿ. ಪೂರ್ತಿ ಆಫ್ ಮಾಡಿದರೆ ಮ್ಯಾಪ್‌ನಲ್ಲಿ ಹಿಂದೆ ಹುಡುಕಿದ ಜಾಗಗಳು ಥಟ್ಟನೆ ಸಿಗಲಿಕ್ಕಿಲ್ಲ. ಅದು ಬೇಕೆನ್ನುವವರು ಹಳೆಯ ದಾಖಲೆ ತಾನಾಗಿ ಅಳಿಯುವ ಆಟೋ ಡಿಲೀಟ್ ಇಡಿ: 3, 18, 36 ತಿಂಗಳ ಆಯ್ಕೆಗಳಲ್ಲಿ 3 ಸಾಕು. ಫೋನಿನಲ್ಲಿ ಎರಡು ಖಾತೆ ಇದ್ದರೆ ಎರಡರಲ್ಲೂ ಬೇರೆ ಬೇರೆಯಾಗಿ ಮಾಡಬೇಕು.

ಬ್ರೌಸರ್‌ನ ಖಾಸಗಿ ಮೋಡ್ ಆದ ಇನ್‌ಕಾಗ್ನಿಟೊ ನಂಬಿಕೊಳ್ಳಬೇಡಿ. ಅದು ನಿಮ್ಮ ಫೋನಿನಲ್ಲಿ ಹಿಸ್ಟರಿ ಉಳಿಸುವುದಿಲ್ಲ, ಅಷ್ಟೇ. ಸೈಟಿನವರಿಗೂ ಇಂಟರ್ನೆಟ್ ಕೊಡುವ ಕಂಪನಿಗೂ ನೀವು ಕಾಣುತ್ತೀರಿ.

ಕ್ರೋಮ್ ಸೆಟ್ಟಿಂಗ್ಸ್‌ನ 'ಸರ್ಚ್ ಎಂಜಿನ್'ನಲ್ಲಿ ಗೂಗಲ್ ಬದಲು ಡಕ್‌ಡಕ್‌ಗೋ (ನಿಮ್ಮ ಹುಡುಕಾಟದ ದಾಖಲೆ ಇಡುವುದಿಲ್ಲ ಎನ್ನುವ ಬೇರೆ ಸರ್ಚ್ ಎಂಜಿನ್) ಆರಿಸಲು ಅರ್ಧ ನಿಮಿಷ ಬೇಕು. ಜನ ಬದಲಿಸುವುದಿಲ್ಲ ಅನ್ನುವುದು ಗೂಗಲ್‌ಗೆ ಚೆನ್ನಾಗಿ ಗೊತ್ತು: ಫೋನು, ಬ್ರೌಸರ್‌ಗಳಲ್ಲಿ ತಾನೇ ಡೀಫಾಲ್ಟ್ (ಮೊದಲೇ ಆಯ್ಕೆಯಾಗಿರುವ) ಸರ್ಚ್ ಎಂಜಿನ್ ಆಗಿರಲು 2021ರಲ್ಲಿ 2,630 ಕೋಟಿ ಡಾಲರ್ ಕೊಟ್ಟಿದ್ದು ಅಮೆರಿಕದ ಕೋರ್ಟಿನಲ್ಲೇ ಹೊರಬಿತ್ತು.