90 ಗಜದ ಗಾಳಿ

ಡೊಂಬಿವಲಿಯ ನಮ್ಮ ಮನೆಯಲ್ಲಿ ರಾತ್ರಿ 10 ಗಂಟೆಯ ಮೇಲೆ, ಮಕ್ಕಳು ಮಲಗಿದ ನಂತರ, ಟಿವಿಯ ಸದ್ದು ತಗ್ಗಿಸಿಕೊಂಡು ನಾನು ಗಾಲ್ಫ್ ಆಡುತ್ತೇನೆ. ನಿಜವಾದ ಗಾಲ್ಫ್ ಮೈದಾನಕ್ಕೆ ಕಾಲಿಟ್ಟವನಲ್ಲ. ಚೆಂಬೂರಿನ ಗಾಲ್ಫ್ ಕ್ಲಬ್ಬಿನ ಪಕ್ಕದ ರಸ್ತೆಯಲ್ಲಿ ರಿಕ್ಷಾದಲ್ಲಿ ಹಾದುಹೋದದ್ದಷ್ಟೇ ಆ ಆಟದೊಂದಿಗೆ ನನಗಿರುವ ಖುದ್ದು ಪರಿಚಯ. ನಾನು ಆಡುವುದು ಪ್ಲೇಸ್ಟೇಷನ್ನಿನಲ್ಲಿ, ಪಿಜಿಎ ಟೂರ್ 2ಕೆ23 ಎಂಬ ವಿಡಿಯೊ ಗೇಮನ್ನು. ಅಕ್ಕನ ಗಂಡ ಪುಣೆಯಿಂದ ಆನ್‌ಲೈನಿನಲ್ಲಿ ಎದುರಾಳಿಯಾಗಿ ಕೂಡಿಕೊಳ್ಳುತ್ತಾರೆ. ಭಾವ ಮೂಲತಃ ಮಲ್ಪೆಯವರು, ದೋಣಿಯವರ ಮನೆಯಲ್ಲಿ ಬೆಳೆದವರು. ನಾನು ಒಂದು ಸಾರಿಗೆ ಕಂಪನಿಯಲ್ಲಿ ಲೆಕ್ಕಪತ್ರ ನೋಡುವವನು. ಗಾಳಿಯ ವಿಷಯದಲ್ಲಿ ನಮ್ಮಿಬ್ಬರ ನಡುವೆ ಇರುವ ವ್ಯತ್ಯಾಸಕ್ಕೆ ಇದೇ ಕಾರಣವಿರಬಹುದು.

ನನ್ನ ತೊಂದರೆ ಉದ್ದದ ಹೊಡೆತಗಳದ್ದಾಗಿರಲಿಲ್ಲ. ಡ್ರೈವರ್ ಎಂಬ ಉದ್ದ ಹೊಡೆತದ ಕೋಲಿನಿಂದ 280 ಗಜ ಹೊಡೆದಾಗ ಗಾಳಿ 10 ಗಜ ಆಚೀಚೆ ತಳ್ಳಿದರೂ ಚೆಂಡು ಫೇರ್‌ವೇ ಎಂಬ ಅಗಲವಾದ ಹುಲ್ಲುಹಾದಿಯಲ್ಲಿ ಎಲ್ಲೋ ಒಂದು ಕಡೆ ನಿಲ್ಲುತ್ತದೆ, ಯಾರೂ ಕೇಳುವುದಿಲ್ಲ. ಆದರೆ ಪಿನ್ನಿಗೆ, ಅಂದರೆ ಕುಳಿಯಲ್ಲಿ ನೆಟ್ಟ ಬಾವುಟದ ಕೋಲಿಗೆ, 60ರಿಂದ 110 ಗಜ ಉಳಿದಿರುವಾಗ, ಸುಲಭವಾಗಿ ಬರ್ಡಿ (ನಿಗದಿತ ಹೊಡೆತಗಳಿಗಿಂತ ಒಂದು ಕಡಿಮೆ) ಮಾಡಬೇಕಾದ ಜಾಗದಲ್ಲಿ, ನನ್ನ ಚೆಂಡು ಒಮ್ಮೆ ಗ್ರೀನಿನ (ಕುಳಿಯ ಸುತ್ತಲಿನ ನುಣುಪು ಹುಲ್ಲಿನ) ಮುಂದಿರುವ ಬಂಕರೆಂಬ ಮರಳುಗುಂಡಿಗೆ, ಇನ್ನೊಮ್ಮೆ ಅದರ ಹಿಂದಿನ ಹುಲ್ಲಿಗೆ ಬೀಳುತ್ತಿತ್ತು. ದೂರ ಕಡಿಮೆಯಾದ ಮೇಲೆ ಗಾಳಿಯ ಕಾಟವೂ ಅಷ್ಟೇ ಕಡಿಮೆಯಾಗಬೇಕಲ್ಲವೇ ಎಂದು ನಾನು ತಿಳಿದಿದ್ದೆ, ಮತ್ತು ಆ ತಿಳಿವಳಿಕೆಯ ಮೇಲೆಯೇ ಒಂದು ವರ್ಷ ಸೋತೆ.

ಒಂದು ರಾತ್ರಿ ಹೆಡ್‌ಫೋನಿನಲ್ಲಿ ಭಾವ ಕೇಳಿದರು: "ಅಷ್ಟು ಮೇಲಕ್ಕೆ ಯಾಕೆ ಕಳಿಸ್ತೀ ಮಾರಾಯ? ಗಾಳಿಗೆ ಕೊಟ್ಟು ಬರ್ಲಿಕ್ಕಾ?"

ಎಲ್ಲವೂ ಬದಲಾದದ್ದು ಈ ಪ್ರಶ್ನೆಯಿಂದ. ಚೆಂಡನ್ನು ಗಾಳಿ ಎಷ್ಟು ಸರಿಸುತ್ತದೆ ಎಂಬುದು ಚೆಂಡು ಎಷ್ಟು ದೂರ ಹೋಗುತ್ತದೆ ಎನ್ನುವುದಕ್ಕಿಂತ ಎಷ್ಟು ಹೊತ್ತು, ಎಷ್ಟು ಎತ್ತರದಲ್ಲಿ ಇರುತ್ತದೆ ಎನ್ನುವುದನ್ನು ಹೆಚ್ಚು ಅವಲಂಬಿಸಿದೆ. ನಿಜವಾದ ಗಾಲ್ಫಿನಲ್ಲೂ ಹೀಗೆಯೇ: ವೃತ್ತಿಪರ ಆಟಗಾರರ ಡ್ರೈವರಿನ ಚೆಂಡು ಏರುವ ಎತ್ತರವೂ ಅವರ ಪಿಚಿಂಗ್ ವೆಜ್ಜಿನ (ವೆಜ್ಜೆಂದರೆ ಹತ್ತಿರದ ದೂರಕ್ಕೆ ಚೆಂಡನ್ನು ಎತ್ತಿ ಹೊಡೆಯುವ ಕೋಲು) ಪೂರ್ತಿ ಹೊಡೆತದ ಚೆಂಡು ಏರುವ ಎತ್ತರವೂ ಹೆಚ್ಚು ಕಡಿಮೆ ಒಂದೇ, ಸುಮಾರು 30 ಗಜ. ಅಂದರೆ ದೂರ ಸುಮಾರು ಅರ್ಧದಷ್ಟಾದರೂ ಎತ್ತರ ಕಡಿಮೆಯಾಗಿಲ್ಲ. ವೆಜ್ಜಿನ ಚೆಂಡು ನಿಧಾನವಾದದ್ದು, ಹಿಮ್ಮುಖವಾಗಿ ಜೋರಾಗಿ ತಿರುಗುತ್ತಿರುವಂಥದ್ದು. ಎದುರುಗಾಳಿಯಲ್ಲಿ ಆ ತಿರುಗುವಿಕೆಯೇ ಅದನ್ನು ಇನ್ನಷ್ಟು ಮೇಲಕ್ಕೆತ್ತಿ ಅಲ್ಲಿಯೇ ತೇಲಿಸುತ್ತದೆ. ನನ್ನ 90 ಗಜದ ಹೊಡೆತಗಳೆಲ್ಲ ಮುಂದಿನ ಬಂಕರಿನಲ್ಲಿ ಮುಗಿಯುತ್ತಿದ್ದ ಕಾರಣ ಇದು.

ಹೀಗಾಗಿ ನಾನು ಮಾಡಿದ ಮೊದಲ ಕೆಲಸವೆಂದರೆ ಕಚೇರಿಯಲ್ಲಿ ಉಳಿದಿದ್ದ ಒಂದು ಉದ್ದನೆಯ ರಿಜಿಸ್ಟರ್ ಪುಸ್ತಕವನ್ನು ಮನೆಗೆ ತಂದದ್ದು. ಅದರಲ್ಲಿ ದೂರ, ಕ್ಲಬ್ಬು (ಹೊಡೆಯುವ ಕೋಲು), ಹೊಡೆತದ ಬಗೆ, ಗಾಳಿಯ ವೇಗ, ಗಾಳಿಯ ದಿಕ್ಕು, ಚೆಂಡು ನೆಲ ಮುಟ್ಟಿದ ಜಾಗ, ನಿಂತ ಜಾಗ ಎಂದು ಅಂಕಣ ಎಳೆದೆ. ಮುಟ್ಟಿದ ಜಾಗವನ್ನೂ ನಿಂತ ಜಾಗವನ್ನೂ ಬೇರೆ ಬೇರೆ ಬರೆದುಕೊಳ್ಳುವುದು ಮುಖ್ಯ, ಯಾಕೆಂದರೆ ಗಾಳಿಯ ಪಾಲು ಮೊದಲನೆಯದರಲ್ಲಿದೆ. ಎರಡನೆಯದರಲ್ಲಿ ಗ್ರೀನಿನ ಇಳಿಜಾರೂ ಚೆಂಡಿನ ಸ್ಪಿನ್ನೂ ಬೆರೆತಿರುತ್ತವೆ. ಇನ್ನೊಂದು ನಿಯಮವನ್ನು ನನ್ನ ವೃತ್ತಿಯೇ ಕಲಿಸಿತ್ತು. ಈ ಆಟದಲ್ಲಿ ಸ್ಟಿಕ್ಕನ್ನು ಹಿಂದಕ್ಕೆಳೆದು ಮುಂದಕ್ಕೆ ತಳ್ಳುವ ಲಯ ತಪ್ಪಿದರೆ ಚೆಂಡು ತಾನಾಗಿಯೇ ಎಡಕ್ಕೋ ಬಲಕ್ಕೋ ಹೋಗುತ್ತದೆ. ಅಂಥ ಹೊಡೆತವನ್ನು ಗಾಳಿಯ ಖಾತೆಗೆ ಹಾಕುವುದು ರಸೀದಿಯಿಲ್ಲದ ಖರ್ಚನ್ನು ಪುಸ್ತಕಕ್ಕೆ ಹತ್ತಿಸಿದಂತೆ. ಲಯ ಸರಿಯಾಗಿ ಕೂತ ಹೊಡೆತವನ್ನು ಮಾತ್ರ ಬರೆದೆ, ಉಳಿದದ್ದನ್ನು ಬಿಟ್ಟೆ. ಮೊದಲ ವಾರ ಬರೆಯಲು ಯೋಗ್ಯವಾದ ಹೊಡೆತಗಳು ಎಷ್ಟು ಕಡಿಮೆಯಿದ್ದವೆಂದರೆ, ಅಷ್ಟೂ ದಿನ ನನ್ನ ಕೈಯ ತಪ್ಪನ್ನೇ ಗಾಳಿಯ ತಲೆಗೆ ಕಟ್ಟುತ್ತಿದ್ದೆ ಎಂಬುದು ಅಲ್ಲಿಯೇ ಗೊತ್ತಾಯಿತು.

ಎರಡನೆಯ ಪಾಠ ದಿಕ್ಕಿನದು, ಮತ್ತು ಹೆಚ್ಚಿನವರು ಎಡವುವುದು ಇಲ್ಲಿಯೇ ಎಂದು ನನಗೆ ತೋರುತ್ತದೆ. ತೆರೆಯ ಮೇಲೆ ಗಾಳಿಯ ವೇಗ ಗಂಟೆಗೆ ಇಷ್ಟು ಮೈಲು ಎಂದೂ, ಗಾಳಿ ಹೋಗುತ್ತಿರುವ ಕಡೆಗೆ ಒಂದು ಬಾಣವೂ ಕಾಣುತ್ತವೆ. ನಾನು ಆ ಬಾಣವನ್ನು ಗಡಿಯಾರದ ಮುಳ್ಳಿನಂತೆ ಓದುತ್ತೇನೆ. 12ಕ್ಕೆ ತೋರಿಸಿದರೆ ಬೆನ್ನುಗಾಳಿ, 6ಕ್ಕೆ ತೋರಿಸಿದರೆ ಎದುರುಗಾಳಿ, 3 ಮತ್ತು 9 ಅಡ್ಡಗಾಳಿ. ಇವು ನಾಲ್ಕೂ ಸುಲಭ, ಕಷ್ಟವಿರುವುದು ಓರೆಗಾಳಿಯಲ್ಲಿ. ಬಾಣ 1 ಗಂಟೆಯ ಕಡೆಗಿದ್ದರೆ ಅದನ್ನು ಬರೀ ಬೆನ್ನುಗಾಳಿಯೆಂದೇ ನಾನು ಲೆಕ್ಕ ಹಿಡಿಯುತ್ತಿದ್ದೆ. ಶಾಲೆಯ ತ್ರಿಕೋನಮಿತಿಯನ್ನು ಒಮ್ಮೆ ನೆನಪಿಸಿಕೊಂಡರೆ ತಪ್ಪು ಕಾಣುತ್ತದೆ: 1 ಗಂಟೆಯೆಂದರೆ 30 ಡಿಗ್ರಿ ಓರೆ, 10 ಮೈಲಿನ ಗಾಳಿಯಲ್ಲಿ ಉದ್ದಕ್ಕೆ 8.7 ಮೈಲು ಸಿಕ್ಕುತ್ತದೆ ನಿಜ, ಆದರೆ ಅಡ್ಡಕ್ಕೂ 5 ಮೈಲು ಸಿಕ್ಕುತ್ತದೆ. ಮುಳ್ಳು ಒಂದೇ ಗಂಟೆ ಸರಿದಿರುವಾಗ ಅರ್ಧ ಗಾಳಿ ಆಗಲೇ ಅಡ್ಡಕ್ಕೆ ಬೀಸುತ್ತಿರುತ್ತದೆ. ಒಂದೂವರೆ ಗಂಟೆಯ ದಿಕ್ಕಿಗೆ, ಅಂದರೆ 45 ಡಿಗ್ರಿಗೆ, ಎರಡೂ ಕಡೆ 7ರಂತೆ. 2 ಗಂಟೆಗೆ ಉದ್ದಕ್ಕೆ 5, ಅಡ್ಡಕ್ಕೆ 8.7. ಈ ಮೂರು ಜೋಡಿಗಳನ್ನು ಬಾಯಿಪಾಠ ಮಾಡಿಕೊಂಡರೆ ಕ್ಯಾಲ್ಕುಲೇಟರ್ ಬೇಕಿಲ್ಲ. ನಾನು ಬೆಳಗಿನ ಲೋಕಲ್ ರೈಲಿನಲ್ಲಿ, ಒಂದು ಕೈಯಲ್ಲಿ ಹಿಡಿಕೆ ಹಿಡಿದು ನಿಂತಲ್ಲೇ, ಘಾಟ್ಕೋಪರ್ ಬರುವಷ್ಟರಲ್ಲಿ ಇವನ್ನು ಎಷ್ಟೋ ಸಲ ಉರುಹಚ್ಚಿದ್ದೇನೆ.

ದಿಕ್ಕಿನಲ್ಲಿಯೇ ಇನ್ನೊಂದು ಸೂಕ್ಷ್ಮವಿದೆ. ಗುರಿಯನ್ನು ಎಡಕ್ಕೆ ಬಲಕ್ಕೆ ಸರಿಸಿದಾಗ ನಮ್ಮ ನೋಟ ತಿರುಗುತ್ತದೆ, ನೋಟದೊಂದಿಗೆ ಬಾಣವೂ ತಿರುಗುತ್ತದೆ. ಹಾಗಾಗಿ ಗುರಿ ಸರಿಸಿದ ಮೇಲೆ ಮತ್ತೆ ಬಾಣವನ್ನು ನೋಡಿ ಮತ್ತೆ ಲೆಕ್ಕ ಹಾಕುತ್ತ ಕೂತರೆ ಅದು ಮುಗಿಯದ ಕೆಲಸ. ಮೊದಲು ಗುರಿಯನ್ನು ನೇರವಾಗಿ ಪಿನ್ನಿನ ಮೇಲೆ ಇಡಬೇಕು, ಆಗ ಗಾಳಿಯನ್ನು ಒಮ್ಮೆ ಓದಬೇಕು, ಲೆಕ್ಕ ಮುಗಿಸಬೇಕು, ಆಮೇಲೆ ಗುರಿ ಸರಿಸಬೇಕು, ಬಾಣದತ್ತ ಮತ್ತೆ ತಿರುಗಿ ನೋಡಬಾರದು. ಇದನ್ನು ಕಂಡುಕೊಳ್ಳುವುದಕ್ಕೆ ನನಗೆ ನಾಲ್ಕು ತಿಂಗಳು ಹಿಡಿಯಿತೆಂದು ಹೇಳಲು ನಾಚಿಕೆಯಾಗುತ್ತದೆ.

ಇನ್ನು ಎಷ್ಟು ಗಜ ಎಂಬ ಪ್ರಶ್ನೆ. ಗಾಲ್ಫ್ ಆಡುವವರಲ್ಲಿ ಒಂದು ರೂಢಿಯ ಲೆಕ್ಕವಿದೆ: ಎದುರುಗಾಳಿ ಗಂಟೆಗೆ 1 ಮೈಲು ಇದ್ದರೆ ದೂರದ ಶೇಕಡಾ 1ರಷ್ಟು ಕೂಡಿಸು, ಬೆನ್ನುಗಾಳಿಯಾದರೆ ಶೇಕಡಾ ಅರ್ಧದಷ್ಟು ಕಳೆ. ಬೆನ್ನುಗಾಳಿ ಕೊಡುವುದು ಎದುರುಗಾಳಿ ಕಸಿಯುವುದಕ್ಕಿಂತ ಕಡಿಮೆ. ಚೆಂಡಿಗೂ ಗಾಳಿಗೂ ನಡುವಿನ ವೇಗ ಹೆಚ್ಚಿದಂತೆ ತಡೆ ಅದರ ವರ್ಗದ ಪ್ರಮಾಣದಲ್ಲಿ ಹೆಚ್ಚುವುದರಿಂದ ಹೀಗಾಗುತ್ತದೆ. ನನ್ನ ರಿಜಿಸ್ಟರಿನಲ್ಲಿ ಈ ಲೆಕ್ಕ ಸ್ಯಾಂಡ್ ವೆಜ್ಜಿನ ಪೂರ್ತಿ ಹೊಡೆತಕ್ಕೆ ತಕ್ಕಮಟ್ಟಿಗೆ ಹೊಂದಿತು. ಪಿಚ್ ಎಂಬ ಅರೆ ಹೊಡೆತಕ್ಕೆ ಅದರ ಅರ್ಧವನ್ನು ಹಿಡಿದರೆ ಸಾಕಾಯಿತು; ಪಂಚ್ ಎಂಬ ತಗ್ಗಿನ ಹೊಡೆತಕ್ಕೆ ಇನ್ನೂ ಕಡಿಮೆ. ಫ್ಲಾಪ್ ಎಂಬ ಎತ್ತರದ ಹೊಡೆತವನ್ನು ಗಾಳಿಯಿರುವಾಗ ಆಡುವುದನ್ನೇ ಬಿಟ್ಟಿದ್ದೇನೆ. ಇವು ನನ್ನ ಆಟಗಾರನ, ನನ್ನ ಕ್ಲಬ್ಬುಗಳ ಅಂಕಿಗಳು ಎಂಬುದನ್ನು ಓದುವವರು ಮರೆಯಬಾರದು.

ಒಂದು ಉದಾಹರಣೆಯನ್ನು ಪೂರ್ತಿಯಾಗಿ ಬಿಡಿಸುತ್ತೇನೆ. ಪಿನ್ನು 90 ಗಜ ದೂರದಲ್ಲಿದೆ, ಗಾಳಿ 12 ಮೈಲು, ಬಾಣ 7 ಗಂಟೆಯ ಕಡೆಗಿದೆ. 12 ಮೈಲೆಂದರೆ ನಮ್ಮ ಲೆಕ್ಕದಲ್ಲಿ ಗಂಟೆಗೆ ಸುಮಾರು 19 ಕಿಲೋಮೀಟರ್, ಸೈಕಲ್ಲನ್ನು ಜೋರಾಗಿ ತುಳಿದಾಗ ಮುಖಕ್ಕೆ ತಗಲುವಷ್ಟು ಗಾಳಿ. ಇದರಲ್ಲಿ ಎದುರಿಗೆ 10 ಮೈಲಿಗಿಂತ ಸ್ವಲ್ಪ ಹೆಚ್ಚು, ಎಡಕ್ಕೆ 6 ಮೈಲು. ಸ್ಯಾಂಡ್ ವೆಜ್ಜಿನಿಂದ ಪೂರ್ತಿ ಹೊಡೆಯುವುದಾದರೆ 90ಕ್ಕೆ 9 ಸೇರಿಸಿ 99 ಗಜಕ್ಕೆ ಹೊಡೆಯಬೇಕು, ಮತ್ತು ನನ್ನ ರಿಜಿಸ್ಟರಿನ ಅಂದಾಜಿನಂತೆ ಗುರಿಯನ್ನು 3 ಗಜದಷ್ಟು ಬಲಕ್ಕೆ ಇಡಬೇಕು. ಅದೇ ಪಿಚಿಂಗ್ ವೆಜ್ಜಿನಿಂದ ಅರೆ ಹೊಡೆತವಾದರೆ 95 ಗಜ, ಬಲಕ್ಕೆ ಒಂದೂವರೆ ಗಜ. ಎರಡೂ ಲೆಕ್ಕ ಸರಿಯೇ. ಆದರೆ ಅಂದಾಜು ಕಾಲು ಭಾಗ ತಪ್ಪಿತೆಂದಿಟ್ಟುಕೊಳ್ಳಿ. ಮೊದಲನೆಯದರಲ್ಲಿ ಎರಡು ಗಜಕ್ಕಿಂತ ಹೆಚ್ಚು ಕೆಡುತ್ತದೆ, ಎರಡನೆಯದರಲ್ಲಿ ಒಂದು ಗಜದ ಆಸುಪಾಸು. ಪಟ್ಟಿಂಗಿನಲ್ಲಿ, ಅಂದರೆ ಗ್ರೀನಿನ ಮೇಲೆ ಚೆಂಡನ್ನು ಕುಳಿಗೆ ಉರುಳಿಸುವಾಗ, ಆ ಒಂದು ಗಜದ ಬೆಲೆ ದೊಡ್ಡದು. ನಾನು ಈಗ ಮೊದಲು ಎತ್ತರವನ್ನು ನಿರ್ಧರಿಸಿ ಆಮೇಲೆ ಗಾಳಿಯನ್ನು ಅಳೆಯುವುದು ಇದೇ ಕಾರಣಕ್ಕೆ. ಮುಂಚೆ ಇದು ತಿರುವುಮುರುವಾಗಿತ್ತು.

ಬೆನ್ನುಗಾಳಿಯಲ್ಲಿ ಮಾತ್ರ ಈ ಉಪಾಯ ನಡೆಯುವುದಿಲ್ಲ. ಗಾಳಿ ಹಿಂದಿನಿಂದ ತಳ್ಳುವಾಗ ಚೆಂಡು ಕಡಿದಾಗಿ ಇಳಿಯದೆ ಓರೆಯಾಗಿ ಇಳಿಯುತ್ತದೆ, ಬಿದ್ದ ಮೇಲೂ ಓಡುತ್ತದೆ. ತಗ್ಗಿನ ಹೊಡೆತವಾದರಂತೂ ಗ್ರೀನನ್ನು ದಾಟಿಯೇ ನಿಲ್ಲುತ್ತದೆ. ಅಲ್ಲಿ ನಾನು ಎಲ್ಲಕ್ಕಿಂತ ಎತ್ತರಕ್ಕೆ ಹೊಡೆಯುವ ಲಾಬ್ ವೆಜ್ಜನ್ನೇ ಪೂರ್ತಿಯಾಗಿ ಹೊಡೆದು, ಪಿನ್ನಿಗೆ ನಾಲ್ಕೈದು ಗಜ ಈಚೆಗೆ ಬೀಳುವಂತೆ ನೋಡಿಕೊಳ್ಳುತ್ತೇನೆ. ಎದುರುಗಾಳಿಯಲ್ಲಿ ಇದಕ್ಕೆ ವಿರುದ್ಧ. ಚೆಂಡು ಬಿದ್ದಲ್ಲೇ ಕೂರುತ್ತದೆ, ಪಿನ್ನಿನ ಬುಡಕ್ಕೇ ಧೈರ್ಯವಾಗಿ ಹೊಡೆಯಬಹುದು. ಈಗೀಗ ನನಗೆ ಎದುರುಗಾಳಿಯೇ ಹೆಚ್ಚು ಇಷ್ಟ.

ಗ್ರೀನು ತಗ್ಗಿನಲ್ಲಿದ್ದರೆ ಚೆಂಡು ಹೆಚ್ಚು ಹೊತ್ತು ಗಾಳಿಯಲ್ಲಿರುತ್ತದೆ, ಆದ್ದರಿಂದ ಗಾಳಿಯ ಲೆಕ್ಕವೂ ತುಸು ಏರುತ್ತದೆ. ದಿಬ್ಬದ ಮೇಲಿದ್ದರೆ ಇಳಿಯುತ್ತದೆ. 3 ಅಡಿ ಏರಿಗೆ 1 ಗಜ ಕೂಡಿಸುವ, ಇಳಿತಕ್ಕೆ 1 ಗಜ ಕಳೆಯುವ ರೂಢಿ ಚೆಂಡು 45 ಡಿಗ್ರಿಯಲ್ಲಿ ಇಳಿಯುವಾಗ ಸರಿಹೊಂದುತ್ತದೆ. ವೆಜ್ಜಿನ ಪೂರ್ತಿ ಹೊಡೆತ ಅದಕ್ಕಿಂತ ಕಡಿದಾಗಿ ಇಳಿಯುವುದರಿಂದ ನಾನು ಸ್ವಲ್ಪ ಕಡಿಮೆಯೇ ಹಿಡಿಯುತ್ತೇನೆ.

ತಗ್ಗು ಮತ್ತು ಗಾಳಿ ಎರಡೂ ಒಟ್ಟಿಗೆ ಕಾಡುವ ಜಾಗವೆಂದರೆ ಕ್ಯಾಲಿಫೋರ್ನಿಯಾದ ಪೆಬ್ಬಲ್ ಬೀಚ್ ಮೈದಾನದ 7ನೇ ಹೋಲ್ (ಕುಳಿ). ಪುಣೆಗೆ ಹೋದಾಗ ಭಾವನ ಮನೆಯಲ್ಲಿ ಇಎ ಸ್ಪೋರ್ಟ್ಸ್‌ನವರ ಪಿಜಿಎ ಟೂರ್ ಆಟದಲ್ಲಿ ಅದನ್ನು ಆಡುತ್ತೇನೆ. 100 ಗಜಕ್ಕಿಂತ ತುಸು ಹೆಚ್ಚಿನ ದೂರ, ಕೆಳಗಿಳಿಯುವ ಹೊಡೆತ, ಚಿಕ್ಕ ಗ್ರೀನು, ಅದರಾಚೆ ಶಾಂತ ಸಾಗರ. 1992ರ ಯುಎಸ್ ಓಪನ್ ಗಾಲ್ಫ್ ಪಂದ್ಯಾವಳಿಯ ಕೊನೆಯ ದಿನ ಗಾಳಿ ಎಲ್ಲರನ್ನೂ ಬಡಿದು ಹಾಕುತ್ತಿದ್ದಾಗ, ಇದೇ ಹೋಲಿನಲ್ಲಿ ಗ್ರೀನಿನ ಹೊರಗಿನಿಂದ ಚಿಪ್ ಮಾಡಿದ (ಮೆಲ್ಲಗೆ ಎತ್ತಿ ಹೊಡೆದ) ಚೆಂಡನ್ನು ನೇರ ಕುಳಿಗೆ ಇಳಿಸಿ, ಮುಂದೆ ಆ ಪಂದ್ಯವನ್ನೇ ಗೆದ್ದವರು ಟಾಮ್ ಕೈಟ್. ಗಾಳಿಯ ದಿನ ಗೆದ್ದವರ ಹೆಸರಿನ ಅರ್ಥವೇ ಗಾಳಿಪಟ ಎಂಬುದು ಭಾವನಿಗೆ ಬಹಳ ಮೆಚ್ಚಿನ ಸಂಗತಿ. ನಾನು ಆ ಹೋಲಿಗೆ ಬಂದಾಗಲೆಲ್ಲ ತಪ್ಪದೆ ಹೇಳುತ್ತಾರೆ.

ನನ್ನ ಲೆಕ್ಕಕ್ಕೆ ನಿಜವಾದ ಪರೀಕ್ಷೆ ನಡೆದದ್ದು ಮಾತ್ರ ಫ್ಲಾರಿಡಾದ ಗಾಲ್ಫ್ ಮೈದಾನ ಟಿಪಿಸಿ ಸಾಗ್ರಾಸ್‌ನ 17ನೇ ಹೋಲಿನಲ್ಲಿ. 137 ಗಜ, ಸುತ್ತಲೂ ನೀರು, ನಡುವೆ ದ್ವೀಪದಂತಿರುವ ಗ್ರೀನು. ಟೀಯಿಂದ, ಅಂದರೆ ಆರಂಭದ ಜಾಗದಿಂದ, ಹೊಡೆಯುವುದಾದರೂ ಇದು ಸ್ವಭಾವದಲ್ಲಿ ಗ್ರೀನಿಗೆ ಚೆಂಡು ತಲುಪಿಸುವ ಅಪ್ರೋಚ್ ಹೊಡೆತವೇ. ಆ ರಾತ್ರಿ ಗಾಳಿ 14 ಮೈಲು, ಬಾಣ 5 ಗಂಟೆಯ ಕಡೆಗೆ: ಎದುರಿಗೆ 12, ಬಲಕ್ಕೆ 7. ಭಾವನದು ಒಂದು ಹೊಡೆತದ ಮುನ್ನಡೆಯಿತ್ತು. ಅವರು ನನಗಿಂತ ಮೊದಲು ಹೊಡೆದು ಗ್ರೀನಿನ ಎಡ ಅಂಚಿನಲ್ಲಿ ನಿಲ್ಲಿಸಿದ್ದರು. ನಾನು ದೊಡ್ಡ ಕ್ಲಬ್ಬು ತೆಗೆದುಕೊಂಡು ಪಂಚ್ ಆರಿಸಿದೆ, ಪೂರ್ತಿ ಹೊಡೆತದ ಶೇಕಡಾ 12ರ ಬದಲು ಶೇಕಡಾ 5 ಕೂಡಿಸಿ 144 ಗಜಕ್ಕೆ, ಪಿನ್ನಿನ ಎಡಕ್ಕೆ 2 ಗಜ ಇಟ್ಟು ಹೊಡೆದೆ. ಚೆಂಡು ತಗ್ಗಿನಲ್ಲಿ ಹೋಗಿ, ಗ್ರೀನಿನ ಮುಂಭಾಗದಲ್ಲಿ ಬಿದ್ದು, ಎರಡು ಸಲ ಪುಟಿದು, ಪಿನ್ನಿಗೆ 6 ಅಡಿ ದೂರದಲ್ಲಿ ನಿಂತಿತು. ಹೆಡ್‌ಫೋನಿನಲ್ಲಿ ಸ್ವಲ್ಪ ಹೊತ್ತು ಸದ್ದಿರಲಿಲ್ಲ. ಆಮೇಲೆ ಭಾವ, "ನಿನ್ನ ಆ ಪುಸ್ತಕದ ಫೋಟೊ ಕಳಿಸು" ಎಂದರು.

ಎಲ್ಲ ಪುಟಗಳ ಫೋಟೊ ತೆಗೆದು ವಾಟ್ಸಾಪಿನಲ್ಲಿ ಕಳುಹಿಸಿದೆ. ಮರುದಿನ ಅದರಂತೆಯೇ ಹೊಡೆದು ಮೂರು ಸಲ ನೀರಿಗೆ ಹಾಕಿದರು. ಅವರ ವೆಜ್ಜುಗಳು ಬೇರೆ, ಅವರ ಚೆಂಡು ನನ್ನದಕ್ಕಿಂತ ಎತ್ತರಕ್ಕೆ ಹೋಗುವಂಥದ್ದು. ಅದನ್ನು ನಾನು ಮೊದಲೇ ಹೇಳಿದ್ದೆ, ಅವರು ಕೇಳಿಸಿಕೊಂಡಿರಲಿಲ್ಲ. ಕಳೆದ ವಾರ ಅಕ್ಕ ಫೋನ್ ಮಾಡಿದಾಗ, ಭಾವ ಅಂಗಡಿಯಿಂದ ಒಂದು ಉದ್ದನೆಯ ರಿಜಿಸ್ಟರ್ ತಂದು ಸ್ಕೇಲು ಹಿಡಿದು ಅಂಕಣ ಎಳೆಯುತ್ತ ಕೂತಿದ್ದಾರೆ, ಏನು ವಿಷಯ ಎಂದು ಕೇಳಿದಳು.