ಸಾಲ ಕೊಟ್ಟವರು ಕೋರ್ಟಿಗೆ ಹೋಗುವ ಮೊದಲೇ ಕಂತಿನ ಮಾತು ಮುಗಿಸಿಕೊಳ್ಳಿ

ಸಾಲ ಕೊಟ್ಟವರು "ಕೇಸು ಹಾಕ್ತೀನಿ" ಅಂದ ಕೂಡಲೇ ಫೋನ್ ತೆಗೆಯುವುದನ್ನೇ ನಿಲ್ಲಿಸುವವರು ಜಾಸ್ತಿ. ದಯವಿಟ್ಟು ಹಾಗೆ ಮಾಡಬೇಡಿ. ಕೇಸು ಹಾಕಿದರೆ ಅವರಿಗೂ ಕೋರ್ಟ್ ಫೀಸು, ಲಾಯರ್ ಫೀಸು, ಅಲೆದಾಟ ಎಲ್ಲ ಇದ್ದದ್ದೇ. ಅವರಿಗೆ ಬೇಕಾಗಿರುವುದು ದುಡ್ಡು ಅಲ್ವಾ? ತಿಂಗಳು ತಿಂಗಳು ತಪ್ಪದೆ ಬರುತ್ತದೆ ಅಂತ ನಂಬಿಕೆ ಬಂದರೆ ಕಂತಿಗೆ ಒಪ್ಪುವವರು ಬೇಕಾದಷ್ಟು ಜನ ಇದ್ದಾರೆ.

ಆ ನಂಬಿಕೆ ನಿಲ್ಲುವುದು ನೀವು ಹೇಳುವ ಮೊತ್ತದ ಮೇಲೆ. ಬೆಂಗಳೂರಿನಲ್ಲಿ ಕೈಗೆ 32,000 ಸಂಬಳ ಬರುವ ಮನೆ ಅಂದುಕೊಳ್ಳಿ. ಬಾಡಿಗೆ 11,000, ದಿನಸಿ, ಹಾಲು, ಗ್ಯಾಸಿಗೆ 9,000, ಮಗುವಿನ ಸ್ಕೂಲಿಗೆ 3,500, ಬಸ್ಸು, ಮೆಟ್ರೋ, ಕರೆಂಟು, ಮೊಬೈಲಿಗೆ 3,000. ಉಳಿಯೋದು 5,500. ಹಾಗಂತ 5,500 ಕೊಡ್ತೀನಿ ಅಂದರೆ ಮನೆಯಲ್ಲಿ ಒಬ್ಬರಿಗೆ ಜ್ವರ ಬಂದರೂ ಸಾಕು, ಆ ತಿಂಗಳ ಕಂತು ತಪ್ಪುತ್ತದೆ. 4,000 ಅನ್ನಿ. ಮುಖ ನೋಡಿ ದಾಕ್ಷಿಣ್ಯಕ್ಕೆ ಜಾಸ್ತಿ ಒಪ್ಪಿಕೊಂಡು ಎರಡನೇ ತಿಂಗಳೇ ಕೈಯೆತ್ತಿದರೆ ಆಮೇಲೆ ನಿಮ್ಮ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

ಬಾಯಲ್ಲಿ ಮಾತಾಡಿದ್ದನ್ನು ಅವತ್ತೇ ಬರೆದು ಕಳಿಸಿ. "ಸರ್, ನಿಮಗೆ ಕೊಡಬೇಕಾದ ಅಸಲು 96,000. ತಿಂಗಳಿಗೆ 4,000 ದಂತೆ 24 ಕಂತು, ಪ್ರತಿ ತಿಂಗಳು 5ನೇ ತಾರೀಖಿನೊಳಗೆ ಬ್ಯಾಂಕ್ ಖಾತೆಗೆ ಹಾಕುತ್ತೇನೆ. ಇವತ್ತಿನಿಂದ ಬಡ್ಡಿ ಬೇಡ, ಕಂತು ಸರಿಯಾಗಿ ಬರುವವರೆಗೆ ಕೇಸು ಹಾಕುವುದಿಲ್ಲ ಅಂತ ಬರೆದು ಕೊಡಿ." ಇಷ್ಟು ಸಾಕು, ಕಷ್ಟದ ಕಥೆಯನ್ನು ಉದ್ದಕ್ಕೆ ಬರೆಯಬೇಕಾಗಿಲ್ಲ. ಬಡ್ಡಿಯ ಮಾತನ್ನು ಮಾತ್ರ ಬಿಡಲೇಬೇಡಿ, ಅದು ಇತ್ಯರ್ಥ ಆಗದಿದ್ದರೆ ನೀವು ಕಟ್ಟಿದ್ದೆಲ್ಲ ಬಡ್ಡಿಗೇ ಹೋಗಿ ಅಸಲು ಇದ್ದಲ್ಲೇ ಇರುತ್ತದೆ. ಇನ್ನೊಂದು ವಿಷಯ: ಕೈಸಾಲ ಮೂರು ವರ್ಷ ದಾಟಿದ್ದರೆ ಏನನ್ನೂ ಬರೆದು ಕೊಡುವ ಮೊದಲು ಲಾಯರನ್ನು ಕೇಳಿ.

ಚೆಕ್ ಕೊಟ್ಟಿದ್ದರೆ ಲೆಕ್ಕವೇ ಬೇರೆ. ಬೌನ್ಸ್ ಆಗಿ ನೋಟಿಸ್ ಕೈಗೆ ಬಂದ ಮೇಲೆ ದುಡ್ಡು ಕಟ್ಟಲು ನಿಮಗಿರುವುದು 15 ದಿನ. ಅದು ಕಳೆದರೆ 138ನೇ ಸೆಕ್ಷನ್ ಕೇಸು, ಅಂದರೆ ಚೆಕ್ ಬೌನ್ಸ್ ಕೇಸು, ಅದರಲ್ಲಿ ಎರಡು ವರ್ಷದವರೆಗೆ ಜೈಲು ಅಥವಾ ಚೆಕ್ಕಿನ ಮೊತ್ತದ ಎರಡು ಪಟ್ಟಿನವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಆ 15 ದಿನದೊಳಗೇ ಮಾತಾಡಿ. ಕಂತಿಗೆ ಭದ್ರತೆ ಅಂತ ಹೊಸದಾಗಿ ಖಾಲಿ ಚೆಕ್ಕಿಗೆ ಸಹಿ ಹಾಕಿ ಕೊಡಬೇಡಿ, ಎಷ್ಟೇ ಒತ್ತಾಯ ಮಾಡಲಿ. ಯುಪಿಐನಲ್ಲೋ ಬ್ಯಾಂಕಿನಲ್ಲೋ ಕಟ್ಟಿದರೆ ಪುರಾವೆ ತಾನಾಗಿಯೇ ಉಳಿಯುತ್ತದೆ.

ಕೇಸು ಹಾಕಿಯೇಬಿಟ್ಟರೂ ದಾರಿ ಮುಚ್ಚಿಲ್ಲ. ಅಂಚೆಯಲ್ಲಿ ಬರುವ ಕೋರ್ಟ್ ನೋಟಿಸನ್ನು ಬೇಡ ಅಂತ ವಾಪಸ್ ಕಳಿಸಬೇಡಿ, ಹಾಗೆ ಮಾಡಿದರೂ ಅದು ನಿಮಗೆ ತಲುಪಿತು ಅಂತಲೇ ಕೋರ್ಟು ತಿಳಿಯುತ್ತದೆ. ಸಿವಿಲ್ ದಾವೆಯಲ್ಲಿ ಡಿಕ್ರಿ, ಅಂದರೆ ತೀರ್ಪಿನ ಆದೇಶ, ಕೊಡುವಾಗ ಕಂತಿನಲ್ಲಿ ಕಟ್ಟಲು ಬಿಡಿ ಅಂತ ಜಡ್ಜ್ ಮುಂದೆ ಕೇಳಬಹುದು. ಚೆಕ್ ಕೇಸಿನಲ್ಲೂ ರಾಜಿಗೆ ಅವಕಾಶ ಇದೆ. ರಾಜಿ ಮಾಡಿಸುವ ಲೋಕ ಅದಾಲತ್‌ಗೆ ಫೀಸಿಲ್ಲ, ಕೇಸು ದಾಖಲಾಗುವ ಮೊದಲೇ ವಿಷಯ ಅಲ್ಲಿಗೆ ತರಬಹುದು. ಆದರೆ ಅಲ್ಲಿ ಒಪ್ಪಿದ್ದು ಡಿಕ್ರಿಗೆ ಸಮ, ಅದರ ಮೇಲೆ ಅಪೀಲಿಲ್ಲ. ಹಾಗಾಗಿ ಸಹಿ ಹಾಕುವ ಮೊದಲು ಆ 4,000ದ ಲೆಕ್ಕವನ್ನು ಇನ್ನೊಮ್ಮೆ ಹಾಕಿ.

ಲಾಯರಿಗೆ ಕೊಡಲು ದುಡ್ಡಿಲ್ಲ ಅಂದರೆ ಕಾನೂನು ಸೇವಾ ಪ್ರಾಧಿಕಾರದ 15100 ನಂಬರಿಗೆ ಫೋನ್ ಮಾಡಿ. ಹೆಂಗಸರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಲಾಯರ್ ಸಿಗುತ್ತಾರೆ.

ಕೊನೆಯ ಕಂತು ಕಟ್ಟುವ ದಿನ ಹಳೆಯ ಚೆಕ್ಕು, ಪ್ರೋನೋಟು ಎರಡನ್ನೂ ವಾಪಸ್ ಇಸ್ಕೊಳ್ಳಿ. "ಬಾಕಿ ಏನೂ ಇಲ್ಲ" ಅಂತ ತಾರೀಖು ಹಾಕಿ ಸಹಿ ಮಾಡಿಸಿಕೊಳ್ಳಿ, ಕೇಸು ನಡೆಯುತ್ತಿದ್ದರೆ ಅದನ್ನು ಕೋರ್ಟಿಗೂ ಕೊಡಿ.